ತೆಂಗಿನ ಸೀಮೆಯ ಊರುಗಳಲ್ಲಿ ಕೊಳೆನೀರಿನ ಕಟ್ಟಳೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ರೈತರಿಗೆ ನೀರಿನ ಬೆಲೆಯನ್ನು ಹೊಸದಾಗಿ ತಿಳಿಯಹೇಳಬೇಕಾದುದಿಲ್ಲ. ಕೆರೆಯ ತೂಬನ್ನು ಎಂದು ಎತ್ತಬೇಕು, ಯಾವ ಗದ್ದೆಗೆ ಮೊದಲು ನೀರು ಹಾಯಬೇಕು, ಕಾಲುವೆಯ ಹೂಳನ್ನು ಯಾರು ತೆಗೆಯಬೇಕು ಎಂಬುದಕ್ಕೆಲ್ಲ ಈ ಸೀಮೆಯಲ್ಲಿ ಹಿಂದಿನಿಂದಲೂ ಕಟ್ಟುಪಾಡುಗಳಿದ್ದುವು. ಅವನ್ನು ನಡೆಯಿಸಲು ನೀರಗಂಟಿಯಿದ್ದನು. ಆದರೆ ಅದೇ ನೀರು ಮನೆಯೊಳಕ್ಕೆ ಬಂದು, ಅಡಿಗೆಗೂ ಸ್ನಾನಕ್ಕೂ ಬಟ್ಟೆಗೂ ಶೌಚಕ್ಕೂ ಬಳಕೆಯಾಗಿ ಹೊರಕ್ಕೆ ಹೋಗುವಾಗ ಅದಕ್ಕೆ ಒಡೆಯರೂ ಇಲ್ಲ, ಕಟ್ಟಳೆಯೂ ಇಲ್ಲ. ಬಚ್ಚಲ ತೂತಿನಿಂದ ಬೀದಿಯ ಮೋರಿಗೆ ಇಳಿದೊಡನೆ ತಮ್ಮ ಹೊಣೆ ತೀರಿತೆಂದು ಪ್ರತಿಯೊಂದು ಮನೆಯವರೂ ತಿಳಿಯುವರು. ಈ ತಿಳಿವಳಿಕೆಯೇ ಇಂದಿನ ಕೇಡಿಗೆ ಮೂಲ. ಒಳಬರುವ ನೀರಿನಂತೆಯೇ ಹೊರಹೋಗುವ ನೀರಿಗೂ ಊರಿನ ಕಟ್ಟಳೆ ಇರಬೇಕೆಂಬುದನ್ನೂ, ಆ ಕಟ್ಟಳೆಯನ್ನು ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಮೊದಲು ತಮ್ಮ ಮನೆಯಿಂದಲೇ ಆರಂಭಿಸಬೇಕೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಮೋರಿಯ ನೀರು ಸೇರುವ ಸ್ಥಳ

ಈ ಮೂರು ತಾಲ್ಲೂಕುಗಳೂ ಕೆರೆಗಳ ನಾಡು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಸೇರುವಂತೆ ಹಿಂದಿನವರು ಕೆರೆಗಳನ್ನು ಸರಪಣಿಯಾಗಿ ಕಟ್ಟಿರುವರು. ಊರು ಸಾಮಾನ್ಯವಾಗಿ ಎತ್ತರದ ಸ್ಥಳದಲ್ಲಿಯೂ ಕೆರೆ ಇಳಿಜಾರಿನ ಕೆಳಗೂ ಇರುವುದರಿಂದ, ಊರ ಮೋರಿ ಯಾವ ದಿಕ್ಕಿಗೆ ಹರಿದರೂ ಕಡೆಗೆ ಯಾವುದಾದರೊಂದು ಕೆರೆಯ ಅಂಗಳವನ್ನು ಮುಟ್ಟುವುದು. ತುರುವೇಕೆರೆಯ ಕಡೆಯ ಹಳ್ಳಗಳು ಶಿಂಷಾ ನದಿಯನ್ನು ಸೇರಿ ಕಾವೇರಿಯ ಪಾಲಾಗುವುವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉತ್ತರದ ಕಡೆಯ ನೀರು ಸುವರ್ಣಮುಖಿಯ ಮೂಲಕ ಬೋರನಕಣಿವೆಯ ಜಲಾಶಯಕ್ಕೆ ಇಳಿದು, ಅಲ್ಲಿಂದ ಮುಂದೆ ವೇದಾವತಿಯನ್ನು ಕೂಡುವುದು. ಹೀಗಿರುವಲ್ಲಿ ಒಂದು ಊರಿನವರು ಬಿಟ್ಟ ಕೊಳೆಯು ಅಲ್ಲಿಯೇ ಇಂಗಿ ಮಾಯವಾಗುವುದೆಂಬುದು ಭ್ರಮೆ. ಅದು ಕೆಳಗಿನ ಊರಿನವರ ಬಾವಿಯ ಮೇಲುಗಡೆ ನಿಲ್ಲುವುದು. ಮೇಲಿನ ಊರಿನವರು ಬಿಟ್ಟುದು ನಮ್ಮ ಊರಿನ ಕೆರೆಯಲ್ಲಿ ನಿಲ್ಲುವುದು.

ನೆಲದೊಳಗಣ ಸಂಗತಿಯು ಇದಕ್ಕಿಂತಲೂ ಗಮನಿಸತಕ್ಕದ್ದು. ಇಲ್ಲಿನ ಮೇಲ್ಮಣ್ಣಿನ ಕೆಳಗೆ ಗಟ್ಟಿಯಾದ ಬಂಡೆಯಿದೆ. ಕೊಳವೆಬಾವಿಗೆ ನೀರು ಬರುವುದು ಈ ಬಂಡೆಯ ಬಿರುಕುಗಳಿಂದ. ಮಣ್ಣಿನ ಪದರದಲ್ಲಿ ನಿಧಾನವಾಗಿ ಇಳಿಯುವ ಕೊಳೆನೀರು ಸ್ವಲ್ಪಮಟ್ಟಿಗೆ ಸೋಸಲ್ಪಡುವುದು. ಆದರೆ ಬಂಡೆಯ ಬಿರುಕನ್ನು ಹೊಕ್ಕ ಮೇಲೆ ಸೋಸುವ ಸಾಧನವೇನೂ ಇಲ್ಲ. ಒಂದೇ ಹಿತ್ತಿಲಿನಲ್ಲಿ ಒಂದು ಮೂಲೆಗೆ ಶೌಚದ ಗುಂಡಿಯನ್ನೂ ಮತ್ತೊಂದು ಮೂಲೆಗೆ ಕೊಳವೆಬಾವಿಯನ್ನೂ ತೋಡಿಸುವ ವಾಡಿಕೆಯಿಂದ ಆಗುವ ಅಪಾಯವು ಇದೇ. ಮಲದಲ್ಲಿರುವ ಸಾರಜನಕವು ನೆಲದಲ್ಲಿ ನೈಟ್ರೇಟ್ ಎಂಬ ಲವಣವಾಗಿ ಮಾರ್ಪಟ್ಟು ನೀರಿನೊಡನೆ ಕೆಳಗಿಳಿಯುವುದು. ಕುಡಿಯುವ ನೀರಿನಲ್ಲಿ ಈ ಲವಣವು ಲೀಟರಿಗೆ ೪೫ ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನದಂಡವು ಗೊತ್ತುಮಾಡಿದೆ. ಮೀರಿದರೆ ಹಸುಗೂಸುಗಳ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವುದುಂಟು. ನೀರನ್ನು ಕಾಯಿಸಿದರೆ ರೋಗದ ಕ್ರಿಮಿಗಳು ಸಾಯುವುವೇ ಹೊರತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುವುದು. ಈ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದ ಬಾವಿಯ ನೀರು ತಿಳಿಯಾಗಿದೆಯೆಂದು ನಂಬಿ ಕೂರುವುದು ಕ್ಷೇಮವಲ್ಲ.

ಮೋರಿಯಲ್ಲಿ ನಿಂತ ನೀರು ಸೊಳ್ಳೆಗಳ ತವರು. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ಕೊಳೆತ ನೀರಿನಲ್ಲಿಯೇ ಹೆಚ್ಚಾಗಿ ಬೆಳೆಯುವುದು. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಕೊಳೆ ಸೇರಿದ ಕುಡಿಯುವ ನೀರಿನಿಂದ ಬರತಕ್ಕವು. ಕೊಳಕಾದ ನೆಲದಲ್ಲಿ ಬರಿಗಾಲಿನಲ್ಲಿ ಓಡಾಡುವ ಕೂಲಿಯಾಳಿಗೂ ಮಕ್ಕಳಿಗೂ ಕೊಕ್ಕೆಹುಳುವು ಅಂಗಾಲಿನ ಚರ್ಮದ ಮೂಲಕವೇ ಮೈ ಸೇರುವುದು.

ಬೈರಮಂಗಲದಿಂದ ಕಲಿಯತಕ್ಕ ಪಾಠ

ಮೇಲಿನ ಊರಿನ ಕಟ್ಟಳೆ ತಪ್ಪಿದರೆ ಕೆಳಗಿನ ರೈತನಿಗೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ಬಿಡದಿಯ ಬಳಿ ವೃಷಭಾವತಿ ಹೊಳೆಗೆ ಅಡ್ಡಲಾಗಿ ೧೯೪೦ರ ದಶಕದಲ್ಲಿ ಬೈರಮಂಗಲದ ಜಲಾಶಯವನ್ನು ವ್ಯವಸಾಯಕ್ಕಾಗಿ ಕಟ್ಟಿದರು. ಬೆಂಗಳೂರು ಬೆಳೆದಂತೆಲ್ಲ ಆ ನಗರದ ಮೋರಿಗಳ ನೀರೂ ಕಾರ್ಖಾನೆಗಳ ನೀರೂ ವೃಷಭಾವತಿಗೆ ಇಳಿದುವು. ಕೆರೆಯಲ್ಲಿ ನೊರೆ ಕಟ್ಟಿತು. ಸುತ್ತಣ ಬಾವಿಗಳು ಕೆಟ್ಟುವು. ಬತ್ತ ಬೆಳೆಯುತ್ತಿದ್ದ ಅನೇಕರು ಅದನ್ನು ಬಿಟ್ಟು ಹಸುವಿನ ಮೇವು, ಎಳೆಜೋಳ ಮುಂತಾದುವುಗಳಿಗೆ ತಿರುಗಬೇಕಾಯಿತು. ಅಲ್ಲಿ ನೀರಿಗೆ ಕೊರತೆಯಿರಲಿಲ್ಲ. ವರ್ಷವೆಲ್ಲ ನೀರು ಬರುತ್ತಿದ್ದಿತು. ಆದರೆ ಆ ನೀರನ್ನು ನಂಬಿ ಬದುಕುವುದು ಕಷ್ಟವಾಯಿತು. ತೆಂಗು ಒಂದು ಹಂಗಾಮಿನ ಪೈರಲ್ಲ. ಬತ್ತದವನು ಮುಂದಿನ ವರ್ಷ ಬೇರೆ ಬೆಳೆಯನ್ನು ಹಾಕಬಲ್ಲನು. ಅರುವತ್ತು ಎಪ್ಪತ್ತು ವರ್ಷ ಫಲ ಕೊಡತಕ್ಕ ಮರವನ್ನು ನೆಟ್ಟವನಿಗೆ ಅಂತಹ ಅನುಕೂಲವಿಲ್ಲ. ಈ ಕಾರಣದಿಂದ ತೆಂಗಿನ ಸೀಮೆಯವರು ಮಿಕ್ಕವರಿಗಿಂತ ಮುಂಚಿತವಾಗಿಯೇ ಎಚ್ಚರಗೊಳ್ಳಬೇಕಾಗಿದೆ.

ಕಾನೂನಿನ ಏರ್ಪಾಡು

ಕೊಳೆನೀರಿನ ಕಟ್ಟಳೆಗಳು ಎಲ್ಲೆಲ್ಲಿಯೂ ಒಂದು ದೊಡ್ಡ ಕಷ್ಟದ ಹಿಂದೆಯೇ ಹುಟ್ಟಿವೆ. ಲಂಡನ್ ನಗರದಲ್ಲಿ ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತವು ಪಾರ್ಲಿಮೆಂಟಿನ ಸಭಾಂಗಣವನ್ನೇ ಹೊಕ್ಕ ಮೇಲೆ ಅಲ್ಲಿನ ದೊಡ್ಡ ಒಳಚರಂಡಿಗಳಿಗೆ ಮಂಜೂರಾತಿ ದೊರೆಯಿತು. ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ತರುವಾಯವೇ ಬಸವನಗುಡಿ, ಮಲ್ಲೇಶ್ವರಗಳಂತಹ ವಿಶಾಲವಾದ ಬಡಾವಣೆಗಳು ಏರ್ಪಟ್ಟುವು. ಹಳ್ಳಿಗಳ ನೈರ್ಮಲ್ಯದ ಕೆಲಸವನ್ನು ಗ್ರಾಮಸ್ಥರ ಕೈಗೇ ಒಪ್ಪಿಸುವ ಪ್ರಯತ್ನವೂ ಮೈಸೂರು ಸಂಸ್ಥಾನದಲ್ಲಿ ಹಳೆಯದು. ೧೯೨೬ರ ಗ್ರಾಮ ಪಂಚಾಯತಿ ರೆಗ್ಯುಲೇಷನ್ ಅಂತಹುದೊಂದು. ಪಟೇಲ, ಶಾನುಭೋಗ ಮುಂತಾದ ವಂಶಪಾರಂಪರ್ಯದ ಹುದ್ದೆಗಳು ೧೯೬೧ರ ಕಾಯಿದೆಯಿಂದ ರದ್ದಾದ ಮೇಲೆ, ಹಿಂದೆ ಊರಿನ ಯಜಮಾನರು ಮಾತಿನಿಂದ ನಡೆಯಿಸುತ್ತಿದ್ದ ಕಟ್ಟುಪಾಡುಗಳು ಚುನಾಯಿತ ಪಂಚಾಯಿತಿಯ ಬರಹದ ನಿಯಮಗಳಾಗಬೇಕಾಯಿತು. ಬಹುಮಟ್ಟಿಗೆ ಹಳೆಯ ಮಾತು ಹೋಯಿತು. ಹೊಸ ಬರಹ ಬರಲಿಲ್ಲ.

ಈಗಿರುವ ಕಾನೂನುಗಳಲ್ಲಿ ಮುಖ್ಯವಾದುವನ್ನು ತಿಳಿದಿರುವುದು ಆವಶ್ಯಕ. ತಿಪಟೂರು ನಗರಸಭೆಗೂ ಚಿಕ್ಕನಾಯಕನಹಳ್ಳಿ ಪುರಸಭೆಗೂ ತುರುವೇಕೆರೆ ಪಟ್ಟಣ ಪಂಚಾಯಿತಿಗೂ ೧೯೬೪ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಅನ್ವಯಿಸುವುದು. ಮೋರಿಗಳನ್ನೂ ಒಳಚರಂಡಿಗಳನ್ನೂ ಕಟ್ಟಿಸಿ ಶುಚಿಯಾಗಿಡುವುದು ಅವುಗಳ ಕಡ್ಡಾಯವಾದ ಕರ್ತವ್ಯಗಳಲ್ಲಿ ಸೇರಿದೆ. ಪಟ್ಟಣಗಳ ಒಳಚರಂಡಿ ಯೋಜನೆಗಳನ್ನು ತಯಾರಿಸಿ ನಡೆಯಿಸುವುದಕ್ಕಾಗಿ ೧೯೭೩ರ ಕಾಯಿದೆಯಂತೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಸ್ಥಾಪಿತವಾಯಿತು. ಹಳ್ಳಿಗಳಲ್ಲಿ ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ೫೮ನೆಯ ಪ್ರಕರಣವು ಗ್ರಾಮ ಪಂಚಾಯಿತಿಯ ಕರ್ತವ್ಯಗಳನ್ನು ಹೇಳುವುದು; ಬೀದಿ, ಮೋರಿ, ಕೆರೆ, ಬಾವಿಗಳ ನೈರ್ಮಲ್ಯವು ಅವುಗಳಲ್ಲಿ ಒಂದು. ಇವೆಲ್ಲದರ ಮೇಲೆ ೧೯೭೪ರ ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮವಿದೆ. ಅದರ ೨೪ನೆಯ ಪ್ರಕರಣದಂತೆ ಹಳ್ಳಕ್ಕಾಗಲಿ ಬಾವಿಗಾಗಲಿ ಚರಂಡಿಗಾಗಲಿ ನೆಲದ ಮೇಲಾಗಲಿ ಹಾನಿಕರವಾದ ಕಶ್ಮಲವನ್ನು ತಿಳಿದು ತಿಳಿದು ಬಿಡುವುದು ನಿಷಿದ್ಧ. ಇದನ್ನು ನೋಡಿಕೊಳ್ಳುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಅದೇ ವರ್ಷ ಏರ್ಪಟ್ಟಿತು.

ಹಣವಿಲ್ಲವೆಂಬ ನೆವವು ಇಲ್ಲಿ ನಡೆಯುವುದಿಲ್ಲ. ಮಧ್ಯಪ್ರದೇಶದ ರತ್ಲಾಂ ಪಟ್ಟಣದಲ್ಲಿ ತೆರೆದ ಮೋರಿಗಳ ದುರ್ನಾತವನ್ನು ಸಹಿಸಲಾರದ ನಿವಾಸಿಗಳು ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಟ್ಟರು. ಪುರಸಭೆಯು ತನ್ನಲ್ಲಿ ಹಣವಿಲ್ಲವೆಂದು ವಾದಿಸಿತು. ೧೯೮೦ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪದೆ, ಜನರ ಆರೋಗ್ಯವನ್ನು ಕಾಪಾಡುವ ಕರ್ತವ್ಯಕ್ಕೆ ಬೊಕ್ಕಸದ ಬಡತನವು ಅಡ್ಡಿಯಲ್ಲವೆಂದು ತೀರ್ಮಾನಿಸಿತು. ಆ ದೂರಿಗೆ ಆಧಾರವಾಗಿದ್ದ ದಂಡಪ್ರಕ್ರಿಯಾ ಸಂಹಿತೆಯ ೧೩೩ನೆಯ ಪ್ರಕರಣವು ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೫೨ನೆಯ ಪ್ರಕರಣವಾಗಿ ಮುಂದುವರಿದಿದೆ. ಸಾರ್ವಜನಿಕರಿಗೆ ಉಪದ್ರವವಾಗುವಂತೆ ಕೊಳೆನೀರನ್ನು ಬಿಟ್ಟವರು ಯಾರೇ ಆಗಲಿ, ಆ ಉಪದ್ರವವನ್ನು ನಿವಾರಿಸಬೇಕೆಂದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅದರಂತೆ ಆಜ್ಞೆ ಮಾಡಬಹುದು. ಆದರೆ ನೆರೆಮನೆಯವನ ಬಚ್ಚಲಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಹತ್ತುವ ಊರಿನಲ್ಲಿ ಸೌಹಾರ್ದವು ಉಳಿಯಲಾರದು. ಊರೊಳಗೇ ಕಟ್ಟಳೆಯನ್ನು ಮಾಡಿಕೊಳ್ಳುವುದು ಮೇಲು.

ಬಚ್ಚಲ ನೀರು ತೆಂಗಿನ ಪಾತಿಗೆ

ಕಟ್ಟಳೆಯ ಮೊದಲನೆಯ ಸೂತ್ರವು ನೀರನ್ನು ಬೇರ್ಪಡಿಸುವುದು. ಮನೆಯಿಂದ ಹೊರಬೀಳುವ ನೀರು ಎರಡು ಬಗೆಯದು: ಅಡಿಗೆ, ಸ್ನಾನ, ಬಟ್ಟೆಗಳಿಂದ ಬರುವ ಬಚ್ಚಲ ನೀರು ಒಂದು, ಮಲಮೂತ್ರಗಳು ಕೂಡಿದ ಶೌಚದ ನೀರು ಮತ್ತೊಂದು. ಮಳೆಯ ನೀರು ಇವೆರಡಕ್ಕೂ ಸೇರದ ಮೂರನೆಯದು. ಮೂರನ್ನೂ ಒಂದೇ ಮೋರಿಗೆ ಬಿಡುವುದರಿಂದ ಸುಲಭವಾಗಿ ಉಪಯೋಗಿಸಬಹುದಾದ ನೀರೂ ಕೆಡುವುದು, ಮೋರಿಯೂ ಕಟ್ಟಿಕೊಳ್ಳುವುದು.

ಬಚ್ಚಲ ನೀರಿನ ಮೊತ್ತವನ್ನು ಲೆಕ್ಕಮಾಡಿ ನೋಡಬಹುದು. ೨೦೧೯ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ ೫೫ ಲೀಟರಿನಂತೆ ನೀರನ್ನು ಗೊತ್ತುಪಡಿಸಿದೆ. ಐದು ಮಂದಿಯ ಮನೆಗೆ ೨೭೫ ಲೀಟರು. ಇದರಲ್ಲಿ ಮೂರನೆಯ ಎರಡು ಪಾಲು ಬಚ್ಚಲ ನೀರಾಗಿ ಹೊರಬಿದ್ದರೂ ಸುಮಾರು ೧೮೦ ಲೀಟರಾಯಿತು. ಫಲ ಕೊಡುವ ತೆಂಗಿನ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ ಸುಮಾರು ೫೦ ಲೀಟರು ಬೇಕೆಂದು ಇಟ್ಟುಕೊಂಡರೆ, ಒಂದು ಮನೆಯ ಬಚ್ಚಲು ಮೂರು ಮರಗಳನ್ನು ಧಾರಾಳವಾಗಿ ಸಾಕಬಲ್ಲದು. ಇನ್ನೂರು ಮನೆಗಳ ಊರಿನಲ್ಲಿ ದಿನಕ್ಕೆ ೩೬,೦೦೦ ಲೀಟರು. ಇದು ೭೦೦ ಮರಗಳ ಬೇಸಗೆಯ ನೀರು. ೨೫ ಅಡಿಗೊಂದರಂತೆ ನೆಟ್ಟರೆ ಎಕರೆಗೆ ೭೦ ಮರಗಳಾಗುವುದರಿಂದ, ಹತ್ತು ಎಕರೆ ತೋಟದ ನೀರನ್ನು ಆ ಊರಿನವರು ಪ್ರತಿದಿನವೂ ಬೀದಿಗೆ ಚೆಲ್ಲಿ ಸೊಳ್ಳೆಯನ್ನು ಸಾಕುತ್ತಿರುವರು. ಕೊಳವೆಬಾವಿಗಳು ವರ್ಷವರ್ಷಕ್ಕೂ ಆಳಕ್ಕಿಳಿಯುತ್ತಿರುವ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಬಚ್ಚಲ ಹಿಂದೆ ಒಂದೆರಡು ತೆಂಗು ಬಾಳೆಗಳನ್ನು ಬೆಳೆಸುವುದು ನಮ್ಮ ಹಿರಿಯರ ವಾಡಿಕೆ. ಅದನ್ನೇ ಈಗ ಕ್ರಮವಾಗಿ ನಡೆಸಬೇಕಾಗಿದೆ. ಬಚ್ಚಲಿನಿಂದ ಹೊರಬಂದ ನೀರು ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ನಿಂತು ಮುಸುರೆಯನ್ನೂ ಜಿಡ್ಡನ್ನೂ ಮಣ್ಣನ್ನೂ ಅಲ್ಲಿಯೇ ಬಿಟ್ಟು ಮುಂದೆ ಹರಿಯಬೇಕು. ಈ ತೊಟ್ಟಿಯನ್ನು ವಾರಕ್ಕೊಮ್ಮೆ ತೆಗೆದು ಶುಚಿಮಾಡತಕ್ಕದ್ದು. ಮರದ ಚುರುಕಾದ ಬೇರುಗಳು ಬುಡದಿಂದ ಸುಮಾರು ೬ ಅಡಿ ದೂರದೊಳಗೆ ಹರಡಿರುವುದರಿಂದ, ನೀರನ್ನು ಕಾಂಡಕ್ಕೆ ತಗಲಿಸದೆ, ಆ ಅಳತೆಯ ಪಾತಿಯಲ್ಲಿ ಸುತ್ತಲೂ ಹರಡುವಂತೆ ಮಾಡಬೇಕು. ಪಾತಿಯಲ್ಲಿ ಕಾಯಿ ಸುಲಿದ ಮಟ್ಟೆಗಳನ್ನು ಹೂಳಿದರೆ ಅವು ನೀರನ್ನು ಹೀರಿ ಹಿಡಿದಿಟ್ಟು ಬೇರಿಗೆ ನಿಧಾನವಾಗಿ ಕೊಡುವುವು. ಹೂಳಿದ ಮಟ್ಟೆಯ ಪ್ರಯೋಜನವು ಐದಾರು ವರ್ಷ ಇರುವುದು. ಒಂದೇ ಮರಕ್ಕೆ ಸದಾ ನೀರು ಬಿಡದೆ, ಎರಡು ಮೂರು ದಿನಗಳಿಗೊಮ್ಮೆ ಪಾತಿಯನ್ನು ಬದಲಾಯಿಸಬೇಕು. ಸಾಬೂನಿನ ಕ್ಷಾರವು ಒಂದೇ ಕಡೆ ನೆಲೆಸಿದರೆ ಮಣ್ಣು ಬಿಗಿಯುವುದು; ಮಳೆಗಾಲದ ನೀರು ಅದನ್ನು ಬಹುಮಟ್ಟಿಗೆ ತೊಳೆಯುವುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಈ ನೀರನ್ನು ಹಾಯಿಸಬಾರದು.

ಇಲ್ಲಿ ಒಂದು ಎಚ್ಚರಿಕೆಯು ಅತ್ಯಾವಶ್ಯಕ. ಬಚ್ಚಲ ನೀರಾಗಲಿ ಮೋರಿಯ ನೀರಾಗಲಿ ಒಂದು ಪಾತಿಯಿಂದ ಉಕ್ಕಿ ಮತ್ತೊಂದು ಪಾತಿಗೆ ಹರಿಯಕೂಡದು. ಈ ಸೀಮೆಯ ತೋಟಗಳನ್ನು ಕಾಡುತ್ತಿರುವ ಅಣಬೆ ರೋಗದ ಶಿಲೀಂಧ್ರವು ಮಣ್ಣಿನಲ್ಲಿದ್ದು, ರೋಗ ತಗಲಿದ ಮರದ ಪಾತಿಯಿಂದ ಹರಿದ ನೀರಿನೊಡನೆ ಆರೋಗ್ಯವಾದ ಮರಕ್ಕೂ ಹೋಗುವುದು. ನೀರು ನಿಂತ ನೆಲದಲ್ಲಿ ಕಾಂಡದಿಂದ ರಸ ಸೋರುವ ರೋಗವೂ ಹೆಚ್ಚುವುದು. ಬೀದಿಯ ಮೋರಿಯನ್ನು ಒಡೆದು ತೋಟಕ್ಕೆ ತಿರುಗಿಸಿ, ಇಡೀ ಸಾಲನ್ನು ಕೆಸರುಮಾಡುವವರು ಲಾಭಕ್ಕೆಂದು ನಷ್ಟವನ್ನು ಕೊಂಡುಕೊಳ್ಳುವರು.

ಹಿತ್ತಿಲಿಲ್ಲದ ಇಕ್ಕಟ್ಟಾದ ಕೇರಿಗಳಲ್ಲಿ ಇಂಗುಗುಂಡಿಯೇ ಉಪಾಯ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿಗೆ ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲುಗಳನ್ನು ತುಂಬಿದರೆ ಕೆಂಪು ಮರಳುಮಣ್ಣಿನ ನೆಲದಲ್ಲಿ ಒಂದು ಸಣ್ಣ ಸಂಸಾರದ ನೀರು ಇಂಗುವುದು. ಕಪ್ಪು ಜೇಡಿಮಣ್ಣಿನಲ್ಲಿಯೂ, ಕೆರೆ ಕಾಲುವೆಗಳ ಕೆಳಗಣ ಜೌಗು ನೆಲದಲ್ಲಿಯೂ ಇದು ಸಾಗದು. ಅಲ್ಲಿ ಹಲವು ಮನೆಗಳ ನೀರನ್ನು ಒಟ್ಟುಮಾಡಿ ಮುಚ್ಚಿದ ಮೋರಿಯಲ್ಲಿ ಊರ ಹೊರಗಿನ ತೋಟದ ಅಂಚಿಗೆ ಒಯ್ದು, ಕೊಳದಲ್ಲಿ ನಿಲ್ಲಿಸಿ ತಿಳಿಯಾದ ಮೇಲೆ ಉಪಯೋಗಿಸುವ ಏರ್ಪಾಡನ್ನು ಪಂಚಾಯಿತಿಯೇ ಮಾಡತಕ್ಕದ್ದು. ಆ ಮೋರಿಗೆ ದಾರಿ ಬಿಡಬೇಕಾದವರು ಭೂಮಾಲೀಕರು. ಒಂದು ಸಾಲಿನ ನೆಲವನ್ನು ಬಿಡಲು ಒಪ್ಪದ ಒಬ್ಬರಿಂದ ಇಡೀ ಕೇರಿಯ ಕೆಲಸವು ನಿಂತುಹೋಗುವುದುಂಟು.

ಶೌಚದ ನೀರಿನ ವಿಚಾರ

ಶೌಚದ ನೀರನ್ನು ಯಾವ ಕಾರಣಕ್ಕೂ ತೆರೆದ ಮೋರಿಗೆ ಬಿಡಕೂಡದು. ಅನೇಕ ಮನೆಗಳಲ್ಲಿ ಸೆಪ್ಟಿಕ್ ತೊಟ್ಟಿಯನ್ನು ಕಟ್ಟಿಸಿ, ಅದರ ಹೊರಕೊಳವೆಯನ್ನು ಗುಟ್ಟಾಗಿ ಬೀದಿಯ ಮೋರಿಗೆ ತಿರುಗಿಸಿರುವರು. ಸೆಪ್ಟಿಕ್ ತೊಟ್ಟಿಯಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ರೋಗದ ಕ್ರಿಮಿಗಳೂ ಹುಳುವಿನ ಮೊಟ್ಟೆಗಳೂ ಅದರಲ್ಲಿ ಇದ್ದೇ ಇರುವುವು. ಆ ನೀರು ಮುಚ್ಚಿದ ಇಂಗುಗುಂಡಿಗೆ ಹೋಗಬೇಕು. ಒಳಚರಂಡಿಯಿರುವ ಬೀದಿಯಾದರೆ ಶೌಚದ ಕೊಳವೆಯನ್ನೇ ಕ್ರಮವಾಗಿ ಅದಕ್ಕೆ ಜೋಡಿಸಬೇಕು. ತೊಟ್ಟಿಯಲ್ಲಿ ತಂಗಿದ ಹೂಳನ್ನು ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದ ತೆಗೆಯಿಸಬೇಕು.

ಹಳ್ಳಿಯ ಮನೆಗೆ ಅವಳಿ ಗುಂಡಿಗಳ ಶೌಚಾಲಯವು ಹೆಚ್ಚು ಅನುಕೂಲ. ಒಂದು ಗುಂಡಿ ತುಂಬಿದ ಮೇಲೆ ನೀರನ್ನು ಎರಡನೆಯದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಅದರಲ್ಲಿರುವುದು ವಾಸನೆಯಿಲ್ಲದ ಒಣ ಗೊಬ್ಬರವಾಗುವುದು. ಗುಂಡಿಗೂ ಕುಡಿಯುವ ಬಾವಿಗೂ ಕಡೆಯ ಪಕ್ಷ ೩೫ ರಿಂದ ೫೦ ಅಡಿ ಅಂತರವಿರಬೇಕು. ಬಾವಿಯು ಗುಂಡಿಗಿಂತ ಎತ್ತರದ ಕಡೆಯಲ್ಲಿರಬೇಕು. ಬಂಡೆ ಮೇಲಕ್ಕೇ ಇರುವ ಕಡೆ ಈ ಅಂತರವನ್ನು ಮತ್ತಷ್ಟು ಹೆಚ್ಚಿಸುವುದು ಕ್ಷೇಮ.

ಸೆಪ್ಟಿಕ್ ತೊಟ್ಟಿಯಿಂದ ಹೀರಿದ ಹೂಳನ್ನು ಹೊತ್ತ ಗಾಡಿಗಳು ರಾತ್ರಿಯ ವೇಳೆ ಕೆರೆಯ ಅಂಗಳದಲ್ಲಿಯೂ ಹಳ್ಳದಲ್ಲಿಯೂ ಸುರಿದು ಹೋಗುವುದನ್ನು ತಡೆಯಬೇಕಾದುದು ಪಂಚಾಯಿತಿಯ ಕೆಲಸ. ಕೆಲವು ರೈತರು ಇದನ್ನು ಗೊಬ್ಬರವೆಂದು ತೋಟಕ್ಕೇ ಹಾಕಿಸಿಕೊಳ್ಳುವರು. ಇದರಲ್ಲಿ ಗೊಬ್ಬರದ ಅಂಶವಿರುವುದು ನಿಜ. ನೀರ್ಗಶ್ಮಲವನ್ನು ಗಾಳಿಯೂಡಿ ಶುದ್ಧಿಮಾಡುವ ವಿಧಾನದ ಸಂಶೋಧನೆಯಲ್ಲಿ ಮುಖ್ಯ ಪಾತ್ರವನ್ನು ವಹಿಸಿದ್ದ ಗಿಲ್ಬರ್ಟ್ ಫೌಲರ್ ಅವರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಕಶ್ಮಲದ ಸಾರಜನಕವನ್ನು ಹೊಲಕ್ಕೆ ಹಿಂದಿರುಗಿಸುವ ವಿಷಯದಲ್ಲಿ ದುಡಿದರು. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ಊರಿನ ಕಸವನ್ನೂ ಮಲವನ್ನೂ ಗುಣಿಯಲ್ಲಿ ಪದರಪದರವಾಗಿ ಹಾಕಿ ಮಣ್ಣು ಮುಚ್ಚಿ ಕೊಳೆಯಿಸುವ ಕ್ರಮವನ್ನು ರೂಪಿಸಿದರು. ಅದು ಬೆಂಗಳೂರು ಪದ್ಧತಿಯೆಂದು ಪ್ರಸಿದ್ಧವಾಯಿತು. ಆದರೆ ಇವರೆಲ್ಲರೂ ಕಲಿಸಿದುದು ಕೊಳೆಯಿಸಿ ಮಾಗಿಸಿದ ಗೊಬ್ಬರವನ್ನು ಹಾಕಬೇಕೆಂದೇ ಹೊರತು ಹಸಿಯ ಹೂಳನ್ನಲ್ಲ. ಬೆಚ್ಚಗಿನ ನಾಡಿನಲ್ಲಿ ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಮಾಗಿಸದ ಮಲವನ್ನು ಕೈಯಿಂದ ಮುಟ್ಟುವಂತಹ ನೆಲಕ್ಕೆ ಹಾಕಬಾರದು. ದೇವನಹಳ್ಳಿ ಪಟ್ಟಣದಲ್ಲಿ ೨೦೧೫ರಲ್ಲಿ ಇಂತಹ ಹೂಳನ್ನೇ ಸಂಸ್ಕರಿಸುವ ಸ್ಥಾವರವನ್ನು ನಿರ್ಮಿಸಿದರು. ದಿನಕ್ಕೆ ೬,೦೦೦ ಲೀಟರು ಹೂಳನ್ನು ತೆಗೆದುಕೊಳ್ಳಬಲ್ಲ ಆ ಸ್ಥಾವರದಲ್ಲಿ ಹೂಳನ್ನು ಹುದುಗಿಸಿ, ಒಣಗಿಸಿ, ಊರಿನ ಹಸಿಕಸದೊಡನೆ ಗೊಬ್ಬರ ಮಾಡುವರು. ಹಲವು ಗ್ರಾಮ ಪಂಚಾಯಿತಿಗಳು ಸೇರಿ, ಪಕ್ಕದ ಪಟ್ಟಣದೊಡನೆ ಕರಾರು ಮಾಡಿಕೊಂಡು ಇಂತಹ ಒಂದು ಸ್ಥಾವರವನ್ನು ಉಪಯೋಗಿಸಬಹುದು.

ಗುಂಡಿಗೆ ಮನುಷ್ಯನನ್ನು ಇಳಿಸಕೂಡದು

ಶೌಚದ ಗುಂಡಿ ಕಟ್ಟಿಕೊಂಡಾಗ ಕೂಲಿಯಾಳೊಬ್ಬನನ್ನು ಕರೆಯಿಸಿ ಇಳಿಸುವ ದುರಾಚಾರವನ್ನು ಇನ್ನೂ ಕೆಲವರು ಬಿಟ್ಟಿಲ್ಲ. ಮುಚ್ಚಿದ ಗುಂಡಿಯಲ್ಲಿ ಪ್ರಾಣವಾಯು ತೀರಿಹೋಗಿ, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವು ತುಂಬಿರುವುದು. ಅದು ಹೆಚ್ಚಾದಾಗ ಮೂಗು ಆ ವಾಸನೆಯನ್ನೇ ಅರಿಯದೆ ಹೋಗುವುದು. ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುವನು. ಅವನನ್ನು ಎತ್ತಲು ಇಳಿದವನೂ ಬೀಳುವನು. ತಲೆಯ ಮೇಲೆ ಮಲವನ್ನು ಹೊರಿಸುವ ಪದ್ಧತಿಯನ್ನು ಈ ರಾಜ್ಯದಲ್ಲಿ ೧೯೭೦ರ ದಶಕದಲ್ಲಿಯೇ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ನಿಷೇಧಿಸಿದರು. ೨೦೧೩ರ ಕೇಂದ್ರ ಕಾಯಿದೆಯ ೭ನೆಯ ಪ್ರಕರಣದಂತೆ, ಸ್ಥಳೀಯ ಸಂಸ್ಥೆಯಾಗಲಿ ಮನೆಯ ಯಜಮಾನನಾಗಲಿ ಯಾರನ್ನೂ ಚರಂಡಿಯ ಅಥವಾ ಸೆಪ್ಟಿಕ್ ತೊಟ್ಟಿಯ ಅಪಾಯಕರವಾದ ಶುಚಿಕಾರ್ಯಕ್ಕೆ ನೇಮಿಸಕೂಡದು. ಮೊದಲನೆಯ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆ, ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಉಂಟು. ಇಂತಹ ಮರಣಗಳಿಗೆ ಕೊಡತಕ್ಕ ಪರಿಹಾರವನ್ನು ಸುಪ್ರೀಂ ಕೋರ್ಟು ೨೦೧೪ರಲ್ಲಿ ೧೦ ಲಕ್ಷವೆಂದೂ, ೨೦೨೩ರಲ್ಲಿ ೩೦ ಲಕ್ಷವೆಂದೂ ನಿರ್ಣಯಿಸಿತು. ಆಳು ತಾನಾಗಿಯೇ ಒಪ್ಪಿಕೊಂಡನೆಂಬ ಮಾತು ಯಜಮಾನನನ್ನು ಕಾಪಾಡಲಾರದು. ಊರಿನ ಮುಖಂಡರು ಈ ಒಂದು ವಿಷಯದಲ್ಲಿ ದಾಕ್ಷಿಣ್ಯವನ್ನು ನೋಡಕೂಡದು.

ಕಾಯಿ ಕಾರ್ಖಾನೆಗಳ ನೀರು

ತೆಂಗಿನ ಸೀಮೆಗೆ ವಿಶೇಷವಾದ ಕೊಳೆನೀರೂ ಉಂಟು. ಒಣ ಕಾಯಿತುರಿಯನ್ನು ಮಾಡುವ ಕಾರ್ಖಾನೆಗಳಲ್ಲಿ ಒಡೆದ ಕಾಯಿಯ ನೀರೂ ತೊಳೆದ ನೀರೂ ಮೋರಿಗೆ ಹೋದರೆ, ಕಾಯಿನೀರಿನ ಸಕ್ಕರೆಯು ಕೆಲವು ಗಂಟೆಗಳಲ್ಲಿಯೇ ಹುಳಿತು ದುರ್ನಾತವನ್ನು ಹರಡುವುದು. ಕುಡಿದರೆ ಹಿತವಾದ ಪದಾರ್ಥವು ಕೆರೆಗೆ ಸೇರಿದರೆ ಹೇಗೆ ಕೆಡಕು ಎಂಬ ಸಂದೇಹ ಬರಬಹುದು. ಆ ಸಕ್ಕರೆಯನ್ನು ತಿನ್ನುವ ಅಣುಜೀವಿಗಳು ನೀರಿನಲ್ಲಿರುವ ಪ್ರಾಣವಾಯುವನ್ನೆಲ್ಲ ಹೀರಿಬಿಡುವುದರಿಂದ ಮೀನುಗಳು ಸಾಯುವುವು, ಕೆರೆ ಕೊಳೆಯುವುದು. ಹೀಗೆ ಹೀರಲ್ಪಡುವ ಪ್ರಾಣವಾಯುವಿನ ಅಳತೆಯಿಂದಲೇ ಕೊಳೆನೀರಿನ ತೀಕ್ಷ್ಣತೆಯನ್ನು ಗೊತ್ತುಮಾಡುವರು. ೧೯೮೬ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಈ ಅಳತೆಯು ಲೀಟರಿಗೆ, ಹಳ್ಳ ಕೆರೆಗಳಿಗೆ ಬಿಡುವ ನೀರಿನಲ್ಲಿ ೩೦ ಮಿಲಿಗ್ರಾಂ, ನೆಲಕ್ಕೆ ಹಾಯಿಸುವ ನೀರಿನಲ್ಲಿ ೧೦೦ ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ೩೫೦ ಮಿಲಿಗ್ರಾಂ ಮೀರಬಾರದು. ಸಂಸ್ಕರಿಸದ ಕಾಯಿನೀರು ಇವೆಲ್ಲವನ್ನೂ ಬಹುದೂರ ಮೀರುವುದು. ಅದರಿಂದ ವಿನಿಗರ್ ಮುಂತಾದುವನ್ನು ತಯಾರಿಸುವ ಕ್ರಮಗಳಿವೆ. ಚೆಲ್ಲುವುದಕ್ಕೆ ಮೊದಲು ಅವನ್ನು ವಿಚಾರಿಸುವುದು ಕಾರ್ಖಾನೆಯವರಿಗೂ ಲಾಭ. ನಾರಿನ ಕಾರ್ಖಾನೆಗಳಲ್ಲಿ ಮಟ್ಟೆ ನೆನೆಹಾಕಿದ ಒಗರು ನೀರನ್ನೂ, ನಾರಿನ ಹೊಟ್ಟಿನ ರಾಶಿಯಿಂದ ಮಳೆಗೆ ಇಳಿಯುವ ಕಪ್ಪು ನೀರನ್ನೂ ಕೆರೆಯ ಕಾಲುವೆಗೆ ಸೇರಿಸಬಾರದು. ಇಂತಹ ಕಾರ್ಖಾನೆಗೆ ಜಾಗವನ್ನು ಮಾರುವ ಅಥವಾ ಗುತ್ತಿಗೆಗೆ ಕೊಡುವ ಭೂಮಾಲೀಕರು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರವನ್ನೂ ನೀರು ಬಿಡುವ ಸ್ಥಳವನ್ನೂ ಮೊದಲೇ ನೋಡಿಕೊಳ್ಳತಕ್ಕದ್ದು.

ಗ್ರಾಮ ಪಂಚಾಯಿತಿಯು ಮಾಡಿಕೊಳ್ಳಬಹುದಾದ ನಿಯಮಗಳು

ಮೇಲೆ ಹೇಳಿದ ಸಂಗತಿಗಳನ್ನು ಗ್ರಾಮ ಸಭೆಯ ಮುಂದಿಟ್ಟು, ಚರ್ಚಿಸಿ, ಮೇಲಿನ ಅಧಿಕಾರಿಗಳ ಮಂಜೂರಾತಿಯನ್ನು ಪಡೆದು ಈ ಕೆಳಗಣ ನಿಯಮಗಳನ್ನು ಉಪವಿಧಿಗಳಾಗಿ ಮಾಡಿಕೊಳ್ಳಬಹುದು.

೧. ಹಿತ್ತಿಲು ಅಥವಾ ತೋಟವಿರುವ ಪ್ರತಿಯೊಂದು ಮನೆಯವರೂ ಬಚ್ಚಲ ನೀರನ್ನು ತಮ್ಮ ನೆಲದಲ್ಲಿಯೇ ಮರಗಳಿಗೆ ಉಪಯೋಗಿಸಿಕೊಳ್ಳತಕ್ಕದ್ದು. ಹಿತ್ತಿಲಿಲ್ಲದವರ ನೀರಿಗೆ ಮಾತ್ರ ಊರ ಮೋರಿಯಲ್ಲಿ ಅವಕಾಶ.

೨. ಶೌಚದ ನೀರಿನ ಯಾವ ಕೊಳವೆಯನ್ನೂ ತೆರೆದ ಮೋರಿಗೆ ತಿರುಗಿಸಕೂಡದು. ಈಗಾಗಲೇ ತಿರುಗಿಸಿರುವವರು ಗೊತ್ತಾದ ವಾಯಿದೆಯೊಳಗೆ ಸರಿಪಡಿಸಿಕೊಳ್ಳತಕ್ಕದ್ದು.

೩. ಹೊಸ ಮನೆಗೆ ಪರವಾನಗಿ ಕೊಡುವಾಗ ಬಚ್ಚಲು, ಶೌಚದ ಗುಂಡಿ, ನೆರೆಯವರ ಬಾವಿ ಇವುಗಳ ಅಂತರವನ್ನು ನಕಾಶೆಯಲ್ಲಿ ತೋರಿಸತಕ್ಕದ್ದು.

೪. ಹೂಳು ಹೀರುವ ಗಾಡಿಯವರು ಯಾವ ಮನೆಯಿಂದ ತೆಗೆದರು, ಎಲ್ಲಿ ಸುರಿದರು ಎಂಬುದನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆಯಿಸತಕ್ಕದ್ದು.

೫. ಮೋರಿಯ ಮೇಲೆ ಕಟ್ಟೆ, ಜಗಲಿ, ಕೊಟ್ಟಿಗೆಗಳನ್ನು ಕಟ್ಟಕೂಡದು. ತಿಪ್ಪೆಯನ್ನು ಮೋರಿಯ ಪಕ್ಕದಲ್ಲಿ ಹಾಕಕೂಡದು. ಕೆರೆಗೆ ನೀರು ಬರುವ ಕಾಲುವೆಯನ್ನು ಒತ್ತುವರಿಮಾಡಿದವರು ಯಾರೇ ಆದರೂ ತೆರವುಮಾಡತಕ್ಕದ್ದು.

೬. ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ಮೋರಿಗಳ ಹೂಳನ್ನು ಸಲಿಕೆ ಯಂತ್ರಗಳಿಂದ ತೆಗೆಯಿಸಿ, ಎತ್ತಿದ ಹೂಳನ್ನು ಅಂದೇ ಊರಾಚೆಗೆ ಸಾಗಿಸತಕ್ಕದ್ದು. ಕೆಲಸಗಾರರಿಗೆ ಕೈಚೀಲ, ಬೂಟುಗಳನ್ನು ಕೊಡತಕ್ಕದ್ದು.

೭. ಕುಡಿಯುವ ನೀರಿನ ಬಾವಿಗಳನ್ನು ವರ್ಷಕ್ಕೆರಡು ಬಾರಿ ಪರೀಕ್ಷೆಮಾಡಿಸಿ, ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಹಲಗೆಯ ಮೇಲೆ ಹಚ್ಚತಕ್ಕದ್ದು.

೮. ತಪ್ಪಿದವರಿಗೆ ಮೊದಲು ತಿಳಿವಳಿಕೆ, ಅನಂತರ ನೋಟೀಸು, ಆಮೇಲೆ ಜುಲ್ಮಾನೆ. ಈ ಕ್ರಮವು ಎಲ್ಲ ಕೇರಿಗಳಿಗೂ ಒಂದೇ.

ಈ ಎಂಟರಲ್ಲಿ ಕಡೆಯದೇ ಕಷ್ಟವಾದುದು. ಊರಿನಲ್ಲಿ ಹೆಚ್ಚು ನೀರನ್ನು ಬಳಸುವ ಮನೆಗಳು ದೊಡ್ಡ ಮನೆಗಳು. ಹೆಚ್ಚು ಕೊಳೆನೀರನ್ನು ಬಿಡುವುವೂ ಅವೇ. ಆ ನೀರು ಇಳಿದು ನಿಲ್ಲುವುದು ತಗ್ಗಿನ ಕೇರಿಯ ಬಡವರ ಬಾಗಿಲಿನಲ್ಲಿ. ತಗ್ಗಿನ ಕೇರಿಯವರಿಗೆ ನೋಟೀಸು ಕೊಟ್ಟು, ಎತ್ತರದ ಬೀದಿಯ ಕೊಳವೆಯನ್ನು ನೋಡದಂತಿರುವ ಪಂಚಾಯಿತಿಯ ನಿಯಮಕ್ಕೆ ಯಾರೂ ಬೆಲೆಕೊಡಲಾರರು. ಅದಕ್ಕೆ ಪ್ರತಿಯಾಗಿ ಊರಿನ ಹಿರಿಯರೊಬ್ಬರು ತಮ್ಮ ಬಚ್ಚಲ ಕೊಳವೆಯನ್ನು ಮೋರಿಯಿಂದ ತಿರುಗಿಸಿ ತಮ್ಮ ತೆಂಗಿನ ಪಾತಿಗೆ ಬಿಟ್ಟರೆ, ಮಿಕ್ಕವರಿಗೆ ಹೇಳುವ ಶ್ರಮವು ಅರ್ಧ ಕಡಿಮೆಯಾಗುವುದು.

ಕೆಲಸವನ್ನು ಆರಂಭಿಸುವ ಕ್ರಮವೂ ಸುಲಭವಾದುದೇ. ಬೇಸಗೆಯಲ್ಲಿ ಮಳೆಯ ನೀರು ಬೆರೆಯದ ಒಂದು ಬೆಳಗ್ಗೆ, ಪಂಚಾಯಿತಿಯ ಅಧ್ಯಕ್ಷರೂ ಸದಸ್ಯರೂ ಹಿಡುವಳಿದಾರರೂ ತಗ್ಗಿನ ಕೇರಿಯ ಹೆಂಗಸರನ್ನು ಕೂಡಿಕೊಂಡು, ಊರ ಮೇಲಿನ ಮೊದಲನೆಯ ಮನೆಯಿಂದ ಕೆರೆಯ ಅಂಗಳದವರೆಗೆ ಮೋರಿಯ ಜೊತೆಯಲ್ಲಿ ನಡೆದು ಹೋಗತಕ್ಕದ್ದು. ಎಲ್ಲಿ ಯಾವ ಕೊಳವೆ ಬಂದು ಸೇರಿದೆ, ಎಲ್ಲಿ ನೀರು ನಿಂತಿದೆ, ಯಾವ ಬಾವಿ ಎಷ್ಟು ಅಡಿ ದೂರದಲ್ಲಿದೆ ಎಂಬುದನ್ನು ಮನೆಯ ನಂಬರಿನೊಡನೆ ಬರೆದುಕೊಳ್ಳತಕ್ಕದ್ದು. ಆ ಪಟ್ಟಿಯನ್ನು ಮುಂದಿನ ಗ್ರಾಮ ಸಭೆಯಲ್ಲಿ ಓದಿ ಹೇಳಿದರೆ, ಊರಿನ ಕಟ್ಟಳೆಯ ಮೊದಲನೆಯ ಪುಟವು ಸಿದ್ಧವಾದಂತಾಯಿತು. ಮುಂಗಾರು ಬೀಳುವುದರೊಳಗೆ ಪ್ರತಿಯೊಂದು ಪಂಚಾಯಿತಿಯವರೂ ಇಷ್ಟನ್ನು ಮಾಡಿಕೊಳ್ಳುವುದು ಉಚಿತ.